ತಡವಾಗಿ ತೋರಿಸುವ ಕನ್ನಡಿ

ಭರತನಾಟ್ಯ ಕಲಿಯುವ ಮಕ್ಕಳು ನಿಲುವುಗನ್ನಡಿಯ ಮುಂದೆ ಅಭ್ಯಾಸ ಮಾಡುವುದನ್ನು ನೀವು ನೋಡಿರಬಹುದು. ಅರೆಮಂಡಿ ಸರಿಯಾಗಿದೆಯೇ ಎಂಬುದನ್ನು ಕನ್ನಡಿಯೇನೋ ಹೇಳುತ್ತದೆ. ಆದರೆ ಕೈಯನ್ನು ಹಿಂಬಾಲಿಸಬೇಕಾದ ದೃಷ್ಟಿ ಕನ್ನಡಿಗೇ ಅಂಟಿಕೊಂಡುಬಿಡುತ್ತದೆ! ಇನ್ನು ಉದ್ದಜಿಗಿತದ ಹುಡುಗನಿಗಂತೂ ಕನ್ನಡಿಯಿಂದ ಪ್ರಯೋಜನವೇ ಇಲ್ಲ. ಗಾಳಿಯಲ್ಲಿರುವಾಗ ತನ್ನನ್ನು ತಾನು ನೋಡಿಕೊಳ್ಳಲು ಸಾಧ್ಯವೆ?

ಕನ್ನಡಿ ತುಸು ತಡವಾಗಿ ತೋರಿಸುವಂತಿದ್ದರೆ ಸಾಧ್ಯ. ಸ್ಟ್ಯಾಂಡಿನ ಮೇಲೊಂದು ಕ್ಯಾಮೆರಾ, ಪಕ್ಕದಲ್ಲೊಂದು ಪರದೆ. ಕ್ಯಾಮೆರಾ ಈಗ ಕಂಡದ್ದನ್ನು ಪರದೆ 20 ಸೆಕೆಂಡುಗಳ ನಂತರ ತೋರಿಸುತ್ತದೆ. ಹುಡುಗ ಓಡಿ, ಜಿಗಿದು, ಮರಳು ಕೊಡವಿಕೊಂಡು ಪರದೆಯ ಬಳಿ ಬರುವ ಹೊತ್ತಿಗೆ ಅಲ್ಲಿ ಅವನ ಓಟ ಶುರುವಾಗಿರುತ್ತದೆ. ಗುಂಡಿ ಒತ್ತುವ, ಹಿಂದಕ್ಕೆ ಸುತ್ತುವ ರಗಳೆಯಿಲ್ಲ. ಅವನು ನೋಡುತ್ತಿರುವಾಗಲೇ ಮುಂದಿನವನು ಓಡಬಹುದು.

ಆಡಿದ ಆಟವನ್ನು ಮರುಕ್ಷಣವೇ ತೋರಿಸುವುದು ಹಿಂದೆ ಟೆಲಿವಿಷನ್ ಕಂಪನಿಗಳಿಗೆ ಮಾತ್ರ ಸಾಧ್ಯವಿತ್ತು. 1963ರ ಡಿಸೆಂಬರ್ 7ರಂದು ಅಮೆರಿಕದ ಟೋನಿ ವರ್ನಾ ಫುಟ್‌ಬಾಲ್ ಪಂದ್ಯವೊಂದರಲ್ಲಿ ಇದನ್ನು ಮಾಡಿ ತೋರಿಸಿದಾಗ, ಬಳಸಿದ ಟೇಪ್ ಯಂತ್ರ 500 ಕಿಲೋಗೂ ಮೀರಿ ತೂಗುತ್ತಿತ್ತು. ಇಂದು ಅದಕ್ಕೆ ಫೋನಿನಲ್ಲೊಂದು ಆ್ಯಪ್ ಸಾಕು.

ಒಳಗೆ ನಡೆಯುವುದು ಜಾತ್ರೆಯ ತಿರುಗುತೊಟ್ಟಿಲಿನ ಲೆಕ್ಕ. ಸೆಕೆಂಡಿಗೆ 30 ಚಿತ್ರದಂತೆ 20 ಸೆಕೆಂಡಿಗೆ 600 ಆಸನಗಳು. ಹೊಸ ಚಿತ್ರ ಹತ್ತಿ ಕುಳಿತು ಒಂದು ಸುತ್ತು ಮುಗಿಸಿ ಪರದೆಯ ಮೇಲೆ ಇಳಿಯುತ್ತದೆ. ಖಾಲಿಯಾದ ಆಸನದಲ್ಲಿ ಮತ್ತೊಂದು ಕೂರುತ್ತದೆ. 1920 ಬಿಂದು ಅಗಲ, 1080 ಬಿಂದು ಎತ್ತರದ ಒಂದು ಚಿತ್ರಕ್ಕೆ ಸುಮಾರು 6 ಮೆಗಾಬೈಟ್ ಬೇಕು. 600 ಚಿತ್ರಗಳೆಂದರೆ ಹತ್ತಿರ ಹತ್ತಿರ 3.7 ಗಿಗಾಬೈಟ್! ಆದ್ದರಿಂದ ಚಿತ್ರಗಳನ್ನು ಅಡಕ ಮಾಡಿಯೇ ಕೂರಿಸುವುದು ವಾಡಿಕೆ.

ಇಳಿದ ಚಿತ್ರ ಅಳಿಸಿಹೋಗುತ್ತದೆ ಎಂಬುದು ಪಾಲಕರು ಗಮನಿಸಬೇಕಾದ ಮಾತು. ಈಜುಕೊಳದಲ್ಲಿ, ಜಿಮ್ನಾಸ್ಟಿಕ್ಸ್ ಅಂಕಣದಲ್ಲಿ ನಿಮ್ಮ ಮಗಳ ವಿಡಿಯೊ ಯಾರದೋ ಫೋನಿನಲ್ಲಿ ಉಳಿಯುವುದು ನಿಮಗೆ ಇಷ್ಟವಿರಲಾರದು. ಕೆಲವು ಆ್ಯಪ್‌ಗಳಲ್ಲಿ ಉಳಿಸಿಡುವ ಸೌಲಭ್ಯವೂ ಇರುತ್ತದೆ. ಅದು ಚಾಲೂ ಇದೆಯೇ ಎಂದು ತರಬೇತುದಾರರನ್ನು ಕೇಳಲು ಸಂಕೋಚ ಬೇಡ.

ತಡದಲ್ಲಿ ಇನ್ನೊಂದು ಲಾಭವಿದೆ, ನನಗೆ ಅದೇ ದೊಡ್ಡದೆನಿಸುತ್ತದೆ. ಚಲನೆಯ ಕಲಿಕೆಯ ಬಗ್ಗೆ 1990ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಫಲಿತಾಂಶವನ್ನು ಆ ಕ್ಷಣವೇ ಕೇಳಿಸಿಕೊಂಡವರಿಗಿಂತ ಕೆಲವು ಸೆಕೆಂಡು ಕಾದು ಕೇಳಿಸಿಕೊಂಡವರ ಕಲಿಕೆ ಚೆನ್ನಾಗಿ ಉಳಿದಿತ್ತು. ಕಾಯುವ ಹೊತ್ತಿನಲ್ಲಿ ದೇಹ ತನ್ನ ಲೆಕ್ಕವನ್ನು ತಾನೇ ಹಾಕಿಕೊಳ್ಳುತ್ತದೆ. ಎಡಗೈಯಂಥ ವಾಡಿಕೆಯಿಲ್ಲದ ಕೈಯಿಂದ ಚೆಂಡೆಸೆಯುವುದನ್ನು ಕಲಿಸಿದ 1997ರ ಅಧ್ಯಯನವೊಂದರಲ್ಲಿ, ವಿಡಿಯೊವನ್ನು ಯಾವಾಗ ನೋಡಬೇಕೆಂದು ತಾವೇ ತೀರ್ಮಾನಿಸಿದವರು ಮುಂದಿದ್ದರು.

ಹೀಗಾಗಿ ಅಪ್ಪಂದಿರೇ, ಪರದೆಯ ಪಕ್ಕ ನಿಂತು ‘ನೋಡು, ಮೊಣಕಾಲು ನೋಡು’ ಎಂದು ಕೂಗಬೇಡಿ. ‘ಹೇಗಾಯಿತು ಅನ್ನಿಸಿತು?’ ಎಂದು ಮೊದಲು ಕೇಳಿ, ಮಗು ಹೇಳಿದ ಮೇಲೆ ಇಬ್ಬರೂ ನೋಡಿ. ಪ್ರತಿ ಜಿಗಿತವನ್ನೂ ನೋಡಲೇಬೇಕೆಂದಿಲ್ಲ. ನೋಡುವಾಗ ಒಂದೇ ಅಂಶ ಸಾಕು: ಈ ದಿನ ಹಲಗೆಯ ಮೇಲಿನ ಪಾದ, ನಾಳೆ ತೋಳು.

ತಡವೆಷ್ಟಿರಬೇಕು? ಕೆಲಸಕ್ಕೆ ಹಿಡಿಯುವ ಸಮಯಕ್ಕೆ ಪರದೆಯ ಬಳಿ ನಡೆದು ಬರುವ ಸಮಯವನ್ನೂ ಎರಡು ಮೂರು ಸೆಕೆಂಡನ್ನೂ ಸೇರಿಸಿ. ಕ್ಯಾಮೆರಾ ಜಿಗಿತಕ್ಕೆ ಪಕ್ಕದಲ್ಲಿ, ನೃತ್ಯಕ್ಕೆ ಎದುರಿಗೆ, ಸೊಂಟದೆತ್ತರದಲ್ಲಿ ಇರಲಿ. ಫೋನಿನ ಮುಂಬದಿಯ ಕ್ಯಾಮೆರಾ ಎಷ್ಟೋ ಸಲ ಕನ್ನಡಿಯಂತೆ ಎಡಬಲ ತಿರುಗಿಸಿ ತೋರಿಸುತ್ತದೆ. ನೃತ್ಯದ ಮಕ್ಕಳಿಗೆ ಅದು ಅಭ್ಯಾಸವಾದೀತು, ಬೌಲಿಂಗ್ ಮಾಡುವವನು ಮಾತ್ರ ತನ್ನನ್ನೇ ಎಡಗೈ ಬೌಲರನೆಂದು ಕಂಡು ತಬ್ಬಿಬ್ಬಾಗುತ್ತಾನೆ. ಅವನಿಗೆ ಹಿಂಬದಿಯ ಕ್ಯಾಮೆರಾವನ್ನೇ ಬಳಸಿ.