ಕಚೇರಿಯ ಸುಧಾರಣೆ

ಕಚೇರಿಗೆ ಹೊಸ ಯಂತ್ರ ಬಂದೊಡನೆ ಕೆಲಸ ಸುಧಾರಿಸಿತೆಂದು ನಂಬುವವರು ನಮ್ಮಲ್ಲಿ ಬಹಳ. ನನಗೆ ಆ ನಂಬಿಕೆಯಿಲ್ಲ. ‘ಭೂಮಿ’ ಯೋಜನೆಯನ್ನೇ ನೋಡಿರಿ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ 2 ಕೋಟಿ ಪಹಣಿಗಳು 2002ರ ಹೊತ್ತಿಗೆ ಗಣಕಯಂತ್ರ ಸೇರಿದವು. ಅದು ಗೆದ್ದದ್ದು, ಕೈಬರಹದ ಪಹಣಿ ಇನ್ನು ಸಿಂಧುವಲ್ಲವೆಂದು ಸರಕಾರ ಸಾರಿದ್ದರಿಂದ. ಹಳೆಯ ಬಾಗಿಲು ತೆರೆದೇ ಇದ್ದಿದ್ದರೆ ಗುಮಾಸ್ತನೂ ರೈತನೂ ಅತ್ತಲೇ ಹೋಗುತ್ತಿದ್ದರು. ಮೇಲಾಗಿ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕೆಂಬ ಕಟ್ಟು ಬಂತು. ನಮ್ಮ ಯಡ್ರಾಮಿಯ ಕಡೆ ತೊಗರಿ ಬೆಳೆವ ಬಡರೈತನಿಗೆ, ಸಾಹುಕಾರನ ಹಿಂದೆ ನಿಂತರೂ ತನ್ನ ಪಾಳಿ ಬಂದೇ ಬರುತ್ತದೆಂಬುದು ಸಣ್ಣ ಮಾತಲ್ಲ.

2012ರಲ್ಲಿ ಬಂದ ‘ಸಕಾಲ’ವನ್ನು ಮೊದಲು ನೆರೆಯ ಬೀದರ ಜಿಲ್ಲೆಯ ಔರಾದವೂ ಸೇರಿ ನಾಲ್ಕು ತಾಲೂಕುಗಳಲ್ಲಿ ಪರೀಕ್ಷಿಸಿ, ಅನಂತರ ರಾಜ್ಯಕ್ಕೆ ಹಬ್ಬಿಸಿದರು, ಈ ಕ್ರಮ ವಿವೇಕದ್ದು. ತಡವಾದ ದಿನವೊಂದಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರವೆಂದು ಕಾಯಿದೆ ಹೇಳುತ್ತದೆ. ಅದನ್ನು ಕೇಳುವವರಾರು? ನಮ್ಮ ಮನೆಯಲ್ಲಿ ಪದವಿಯವರೆಗೆ ಬಂದವನು ನಾನೊಬ್ಬನೇ. ಅರ್ಜಿ ತಿರಸ್ಕೃತವಾದರೆ ಅದರ ಕಾರಣವನ್ನು ಓಣಿಯವರು ನನ್ನಿಂದ ಓದಿಸುತ್ತಾರೆ. (ಪರೀಕ್ಷೆಯ ಹಿಂದಿನ ದಿನವೂ ಬಿಡರು!) ಆ ಕಾರಣವನ್ನು ಓದಲಾರದವನಿಗೆ ಮೇಲ್ಮನವಿಯ ಹಕ್ಕು ಇದ್ದೂ ಇಲ್ಲದಂತೆ.

ಪ್ರತಿ ನಾಡಕಚೇರಿಯಲ್ಲಿಯೂ ಅರ್ಜಿ ಬರೆದುಕೊಡಲು, ಬಂದ ಉತ್ತರವನ್ನು ಓದಿ ಹೇಳಲು ಸಂಬಳದ ಒಬ್ಬ ನೌಕರನಿರಬೇಕು. ಅದಾಗುವವರೆಗೆ ರಾಷ್ಟ್ರೀಯ ಸೇವಾ ಯೋಜನೆಯ ಮಿತ್ರರು ಶ್ರಮದಾನದ ಒಂದು ದಿನವನ್ನು ಅಲ್ಲಿ ಕಳೆಯಬಾರದೇಕೆ? ಗುರುಗಳು ಅನುಮತಿಯಿತ್ತರೆ ನಾನು ಸಿದ್ಧ.