ಪ್ರಮಾದಕ್ಕೆ ಕರ್ಮದ ಹೆಸರೇಕೆ?

ಓದನ್ನು ನಾಳೆಗೆ, ನಾಳಿದ್ದಿಗೆ ಮುಂದೂಡುತ್ತ ಬಂದ ಮಗನು ಪರೀಕ್ಷೆಯ ಹೊಸ್ತಿಲಲ್ಲಿ ಬರಿಗೈಯಲ್ಲಿ ನಿಂತಾಗ ಅನೇಕ ಶ್ರಾವಕರ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಜ್ಞಾನಾವರಣೀಯ ಕರ್ಮದ ಉದಯ, ಏನು ಮಾಡುವುದು?" ಬಳಿಕ ಅವನ ಹೆಸರಿನಲ್ಲಿ ಬಸದಿಯಲ್ಲಿ ವಿಶೇಷ ಅಭಿಷೇಕ ನಡೆಯುತ್ತದೆ. ಅಭಿಷೇಕ ತಪ್ಪಲ್ಲ, ವೀತರಾಗನಲ್ಲಿ ಅಂಕಗಳನ್ನು ಬೇಡುವುದು ತಪ್ಪು. ಕರ್ಮಸಿದ್ಧಾಂತವನ್ನು ಆಲಸ್ಯದ ಹೊದಿಕೆಯಾಗಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಶಾಸ್ತ್ರವು ಈ ದೋಷವನ್ನು ಪ್ರಮಾದವೆಂದು ಕರೆದಿದೆ. ಮಾಡಬೇಕಾದ ಒಳಿತಿನಲ್ಲಿ ಆದರವಿಲ್ಲದಿರುವುದೇ ಪ್ರಮಾದ. ತತ್ತ್ವಾರ್ಥಸೂತ್ರದ 8ನೆಯ ಅಧ್ಯಾಯದ ಆರಂಭದಲ್ಲಿಯೇ ಉಮಾಸ್ವಾಮಿ ಆಚಾರ್ಯರು ಬಂಧದ 5 ಕಾರಣಗಳಲ್ಲಿ ಅದನ್ನು ಎಣಿಸಿದ್ದಾರೆ. ಮಹಾವ್ರತಗಳನ್ನು ಹೊತ್ತ ಮುನಿಗೂ ಅದರ ಕಾಟ ತಪ್ಪಿದ್ದಲ್ಲ: 6ನೆಯ ಗುಣಸ್ಥಾನದ ಹೆಸರೇ ಪ್ರಮತ್ತಸಂಯತ, ಅದನ್ನು ದಾಟಿದರೆ 7ನೆಯದು ಅಪ್ರಮತ್ತಸಂಯತ. ಹೀಗಿರುವಾಗ ಪ್ರಮಾದವು ಹಣೆಬರಹವಲ್ಲ, ಪುರುಷಾರ್ಥದಿಂದ ದಾಟಬಹುದಾದ ಮೆಟ್ಟಿಲು. ಬುದ್ಧಿಯ ಹೆಚ್ಚುಕಡಿಮೆಗೆ ಕ್ಷಯೋಪಶಮವು ಕಾರಣವಿರಬಹುದು. ಪುಸ್ತಕವನ್ನೇ ತೆರೆಯದಿರುವುದಕ್ಕೆ ಅದು ನೆಪವಾಗದು.

ವಿದ್ಯಾರ್ಥಿಯು ಮುಂದೂಡುವುದು ಸುಖಕ್ಕಾಗಿ ಮಾತ್ರವೆಂದು ತಿಳಿದು ಗದರಿಸುವವರೂ ರೋಗವನ್ನು ಅರಿತಿಲ್ಲ. ಲೆಕ್ಕ ಬಾರದಿದ್ದರೆ ತನ್ನ ದಡ್ಡತನ ಬಯಲಾದೀತೆಂದು ಹೆದರಿ ಹುಡುಗನು ಗಣಿತವನ್ನೇ ಮುಟ್ಟುವುದಿಲ್ಲ. ಇದು ಅರತಿ, ಭಯಗಳೆಂಬ ನೋಕಷಾಯಗಳ ಕೆಲಸ, ಬೇರಿನಲ್ಲಿರುವುದು ಮಾನಕಷಾಯ. ದೊಡ್ಡಪ್ಪನ ಮಗನ ಅಂಕಗಳನ್ನು ಎತ್ತಿ ಆಡುವ ತಂದೆ ಆ ಬೇರಿಗೆ ನೀರೆರೆಯುತ್ತಾನೆ. ಜ್ಞಾನಕ್ಕೆ ಅಂತರಾಯ ಒಡ್ಡುವುದು ಜ್ಞಾನಾವರಣೀಯದ ಆಸ್ರವಕ್ಕೆ ಕಾರಣವೆಂದು ಅದೇ ಸೂತ್ರಗ್ರಂಥದ 6ನೆಯ ಅಧ್ಯಾಯ ಹೇಳುತ್ತದೆ. ಓದಲು ಕುಳಿತ ಮಗುವಿನ ಪಕ್ಕದಲ್ಲಿ ಟಿ.ವಿ. ಹಚ್ಚುವವರು ಆ ಕರ್ಮವನ್ನು ಯಾರು ಕಟ್ಟಿಕೊಳ್ಳುತ್ತಿದ್ದಾರೆಂದು ಯೋಚಿಸಬೇಕು.

ಶ್ರಾವಕರ ಮಕ್ಕಳಿಗೆ ಹೊತ್ತಿನ ಕಟ್ಟಳೆ ಹೊಸದಲ್ಲ. ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು. "ಆಮೇಲೆ ಉಣ್ಣುತ್ತೇನೆ" ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಅನ್ನಕ್ಕೆ ಇರುವ ಗಡಿ ಅಕ್ಷರಕ್ಕೆ ಏಕಿಲ್ಲ? ಊಟ ಬೇಗನೆ ಮುಗಿದು ಉಳಿಯುವ ಸಂಜೆಯ ಹೊತ್ತು ಹಿರಿಯರ ಧಾರಾವಾಹಿಗೂ ಕಿರಿಯರ ಮೊಬೈಲಿಗೂ ಸಲ್ಲುತ್ತಿದೆ. ಸಾಮಾಯಿಕಕ್ಕೆ ಕುಳಿತವರು ಎರಡು ಘಳಿಗೆ, ಅಂದರೆ 48 ನಿಮಿಷ, ಆಸನ ಬಿಟ್ಟು ಏಳುವುದಿಲ್ಲ. ಅಷ್ಟೇ ಹೊತ್ತು ಒಂದೇ ಪಾಠದ ಮುಂದೆ ಕೂರುವ ನಿಯಮವನ್ನು ಮಗುವು ತಾನಾಗಿ ಹಿಡಿಯಲಿ. ಸ್ವಾಧ್ಯಾಯದ 5 ಬಗೆಗಳು ಶಾಲೆಯ ಓದಿಗೂ ಸಲ್ಲುತ್ತವೆ: ವಾಚನೆಯೆಂದರೆ ಓದುವುದು, ಪೃಚ್ಛನೆಯೆಂದರೆ ತಿಳಿಯದ್ದನ್ನು ಕೇಳುವುದು, ಅನುಪ್ರೇಕ್ಷೆಯೆಂದರೆ ಮನನ, ಆಮ್ನಾಯವೆಂದರೆ ಮರಳಿ ಮರಳಿ ಒಪ್ಪಿಸುವುದು, ಧರ್ಮೋಪದೇಶದಂತೆ ಕೊನೆಗೆ ತಮ್ಮತಂಗಿಯರಿಗೆ ಹೇಳಿಕೊಡುವುದು. ಇವುಗಳಲ್ಲಿ ಪೃಚ್ಛನೆಯೇ ಭಯಕ್ಕೆ ಮದ್ದು. ಕೇಳಲು ನಾಚದ ಮಗುವಿಗೆ ಮುಂದೂಡುವ ಕಾರಣವೇ ಉಳಿಯದು. ಮಲಗುವ ಮುನ್ನ ಪ್ರತಿಕ್ರಮಣದ ರೀತಿಯಲ್ಲಿ ಅಂದು ಬಿಟ್ಟುಹೋದದ್ದನ್ನು ನೆನೆದು ಮರುದಿನದ ಮೊದಲ ಕೆಲಸವಾಗಿ ಬರೆದಿಡಲಿ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಹೊಣೆಯಿದೆ. 1899ರಲ್ಲಿ ಸ್ಥಾಪನೆಗೊಂಡ ದಕ್ಷಿಣ ಭಾರತ ಜೈನ ಸಭೆಯ ಹಿರಿಯರು ಜೈನ ಬೋರ್ಡಿಂಗುಗಳನ್ನು ಕಟ್ಟಿದ್ದು ಅನ್ನ, ಆಸರೆಗಳಿಗಾಗಿ ಮಾತ್ರವಲ್ಲ, ವಿದ್ಯೆಗಾಗಿ. ಶಿಖರಕ್ಕೆ ಚಿನ್ನದ ಕಲಶವೇರಿಸಲು ಹಣ ಕೂಡಿಸುವ ಮಂಡಳಿಗೆ ಸಂಜೆ ಸಭಾಭವನದ ಬಾಗಿಲು ತೆರೆದು, ದೀಪ ಹಚ್ಚಿ, ಓದಿದವರೊಬ್ಬರನ್ನು ಅಲ್ಲಿ ಕೂರಿಸುವುದು ಹೊರೆಯೇ? ಶಾಸ್ತ್ರದಾನವನ್ನು ಹೊಗಳುವ ಸಮಾಜದಲ್ಲಿ ಆ ಭವನ ಮದುವೆಯ ದಿನ ಮಾತ್ರ ತೆರೆಯುವುದು ಲಜ್ಜೆಯ ಸಂಗತಿ.

ಮಗುವಿಗೆ "ಓದು" ಎನ್ನುವ ಮೊದಲು ಹಿರಿಯರು ಟಿ.ವಿ. ಆರಿಸಿ ತಾವೂ ಸ್ವಾಧ್ಯಾಯಕ್ಕೆ ಕೂರಲಿ. ಇಂದು ಸಂಜೆಯೇ ಕೂರಲಿ. ನಾಳೆಯಿಂದ ಎಂದರೆ ಅದೂ ಪ್ರಮಾದವೇ.