ಮನಃಶಾಸ್ತ್ರಜ್ಞರ ನೋಂದಣಿಗೆ ಗಡಿ ಏಕೆ?

ಗೌರಿಬಿದನೂರಿನಿಂದ ಹಿಂದೂಪುರಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಚಿಂತಾಮಣಿಯಿಂದ ಮದನಪಲ್ಲಿಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ವಾಪಸ್ ಬರಬಹುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಆಂಧ್ರದ ರೈತರೂ ಗೂಡು ತರುತ್ತಾರೆ. ನಮ್ಮ ಹೆಣ್ಣುಮಕ್ಕಳು ಆ ಕಡೆಗೆ ಸೊಸೆಯರಾಗಿ ಹೋಗುತ್ತಾರೆ, ಆ ಕಡೆಯವರು ನಮ್ಮ ಮನೆಗಳಿಗೆ ಬರುತ್ತಾರೆ. ಹೀಗೆ ಜನ ಲೆಕ್ಕಕ್ಕೇ ಇಟ್ಟುಕೊಳ್ಳದ ಈ ಗಡಿ, ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ಮನಃಶಾಸ್ತ್ರಜ್ಞರ ಕಾಗದಪತ್ರಕ್ಕೆ ಮಾತ್ರ ಇನ್ನೂ ಗಡಿಯಾಗಿಯೇ ಉಳಿದಿದೆ.

ಅದು ಕಚೇರಿಯವರ ವಿಷಯ, ನಮಗೇನು ಎಂದು ಪುಟ ತಿರುಗಿಸಬೇಡಿ. ಹೈದರಾಬಾದಿನಲ್ಲಿ ಗಂಡನ ಮನೆಯಲ್ಲಿರುವ ಒಬ್ಬ ಹೆಣ್ಣುಮಗಳಿಗೆ ಹೆರಿಗೆಯ ನಂತರ ಖಿನ್ನತೆ ಹಿಡಿಯಿತು ಎಂದುಕೊಳ್ಳಿ. ಅಲ್ಲಿನ ಮನಃಶಾಸ್ತ್ರಜ್ಞೆಯ ಬಳಿ ಎಂಟು ವಾರ ಕೂತು ಮಾತಾಡಿದ್ದಾಳೆ. ಅಷ್ಟರಲ್ಲಿ ಗಂಡನಿಗೆ ಕೆಲಸ ಬದಲಾಗಿ ಸಂಸಾರ ಚಿಂತಾಮಣಿಗೆ ಬಂತು. ಬರೀ ಮಾತ್ರೆಯ ಚೀಟಿಯಾಗಿದ್ದರೆ ಇಲ್ಲಿನ ವೈದ್ಯರಿಗೆ ತೋರಿಸಿ ಮುಂದುವರಿಸಬಹುದಿತ್ತು. ಮಾತಿನ ಚಿಕಿತ್ಸೆ ಹಾಗಲ್ಲ. ಅತ್ತೆಯ ಮುಂದೆ, ಅಮ್ಮಿಯ ಮುಂದೆ ಕೂಡ ಹೇಳದ್ದನ್ನು ಒಬ್ಬರ ಮುಂದೆ ಹೇಳಿ ಅರ್ಧಕ್ಕೆ ಎದ್ದು ಬಂದವಳು, ಹೊಸಬರ ಮುಂದೆ ಮೊದಲಿಂದ ಶುರುಮಾಡಲು ಸುಲಭಕ್ಕೆ ಒಪ್ಪುವುದಿಲ್ಲ. ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆಮೇಲೆ ನಮ್ಮಂಥವರ ದವಾಖಾನೆಗೆ ಬಂದು ನಿದ್ದೆ ಇಲ್ಲ, ಎದೆ ಡವಡವ ಎನ್ನುತ್ತದೆ, ಗ್ಯಾಸ್ ಇರಬೇಕು, ಒಂದು ಖಮೀರಾ ಕೊಡಿ ಹಕೀಮ್ ಸಾಹೇಬ್ ಎನ್ನುತ್ತಾರೆ.

ಕಾನೂನು ಏನು ಹೇಳುತ್ತದೆ ಎಂದು ನೋಡುವ ಮುನ್ನ ಹೆಸರುಗಳ ಗೊಂದಲ ಬಿಡಿಸಿಕೊಳ್ಳಬೇಕು. ಮನೋವೈದ್ಯರು ಎಂದರೆ ವೈದ್ಯಕೀಯ ಓದಿ ಆಮೇಲೆ ಮಾನಸಿಕ ರೋಗಗಳಲ್ಲಿ ಪರಿಣತಿ ಪಡೆದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಓದಿನ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ಪರೀಕ್ಷೆ ಮಾಡುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಇನ್ನು ಆಪ್ತ ಸಮಾಲೋಚಕರು, ಅಂದರೆ ಕೌನ್ಸೆಲರ್ ಎಂಬ ಬೋರ್ಡಿನ ಹಿಂದೆ ಒಳ್ಳೆಯ ತರಬೇತಿ ಪಡೆದವರೂ ಇರಬಹುದು, ಮೂರು ದಿನದ ಶಿಬಿರ ಮುಗಿಸಿ ಬಂದವರೂ ಇರಬಹುದು.

ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಹೆಸರು ಭಾರತೀಯ ಪುನರ್ವಸತಿ ಮಂಡಳಿಯ ಕೇಂದ್ರ ಪಟ್ಟಿಯಲ್ಲಿರಬೇಕು. ಆರ್‌ಸಿಐ ಎಂದು ಕರೆಯುವ ಈ ಮಂಡಳಿ 1992ರ ಕಾಯ್ದೆಯಿಂದ ಬಂದದ್ದು. ಈ ಪಟ್ಟಿಯಲ್ಲಿ ಹೆಸರಿದ್ದವರು ಭಾರತದ ಯಾವ ಭಾಗದಲ್ಲಾದರೂ ವೃತ್ತಿ ಮಾಡಬಹುದು ಎಂದು ಆ ಕಾಯ್ದೆಯೇ ಹೇಳುತ್ತದೆ. ಹೆಸರಿಲ್ಲದೆ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿಗೆ ಇಂದು ಯಾರೂ ಹೆದರುವುದಿಲ್ಲ, ಅದು ಬೇರೆ ಮಾತು.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೊಂದು ಬಾಗಿಲು ಇಟ್ಟಿತು. ಅದರ 55ನೇ ಕಲಮಿನ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಮಾನಸಿಕ ಆರೋಗ್ಯ ದಾದಿಯರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಆಯಾ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡರೆ ಮಾತ್ರ ಈ ಕಾಯ್ದೆಯ ಅರ್ಥದಲ್ಲಿ 'ಮಾನಸಿಕ ಆರೋಗ್ಯ ವೃತ್ತಿಪರರು' ಎನಿಸುತ್ತಾರೆ. ಅಂದರೆ ಹೈದರಾಬಾದಿನಲ್ಲಿ ನೋಂದಾಯಿತರಾದವರು ಚಿಂತಾಮಣಿಗೆ ಬಂದು ಕೂರಬೇಕಾದರೆ ಕರ್ನಾಟಕದ ಪ್ರಾಧಿಕಾರಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ಓದು ಅದೇ, ಆರ್‌ಸಿಐ ಸಂಖ್ಯೆಯೂ ಅದೇ, ಬದಲಾದದ್ದು ಮನೆಯ ವಿಳಾಸ ಒಂದೇ.

ಈ ಕಾಯ್ದೆಯಲ್ಲಿ ನಮ್ಮ ಯುನಾನಿಗೂ ಜಾಗವಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಮುಆಲಿಜಾತ್ ವಿಭಾಗದಲ್ಲಿ ನಫ್ಸಿಯಾತ್, ಅಂದರೆ ಮಾನಸಿಕ ರೋಗಗಳ ಸ್ನಾತಕೋತ್ತರ ಪದವಿ ಪಡೆದವರನ್ನು ಅದು ಮಾನಸಿಕ ಆರೋಗ್ಯ ವೃತ್ತಿಪರರೆಂದು ಒಪ್ಪುತ್ತದೆ. ನನ್ನಂಥ ಬರೀ ಬಿಯುಎಂಎಸ್ ಪದವಿಯವರನ್ನು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ನಮ್ಮ ಹಳೆಯ ಗ್ರಂಥಗಳಲ್ಲಿ ಮಾಲಿಖೋಲಿಯಾದ ವಿವರಣೆ ಇದೆ ಎಂಬ ಮಾತ್ರಕ್ಕೆ ತೀವ್ರ ಖಿನ್ನತೆಯ ರೋಗಿಯನ್ನು ತಿಂಗಳುಗಟ್ಟಲೆ ನಮ್ಮಲ್ಲೇ ಇಟ್ಟುಕೊಳ್ಳುವುದು ನ್ಯಾಯವಲ್ಲ. ಹಾಗೆಯೇ ನಮ್ಮ ವೃತ್ತಿಯಲ್ಲೂ ರಾಜ್ಯ ಬದಲಿಸಿದರೆ ಹಿಂದಿನ ಮಂಡಳಿಯಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿನ ಮಂಡಳಿಯಲ್ಲಿ ಹೆಸರು ಬರೆಸಬೇಕು. ಆದ್ದರಿಂದ ಈ ಓಡಾಟ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ರಾಜ್ಯದ ನೋಂದಣಿಯೇ ಬೇಡವೇ? ಬೇಕು, ನನ್ನ ಮಟ್ಟಿಗೆ ಕಾರಣ ಒಂದೇ: ದೂರು. ಮನಃಶಾಸ್ತ್ರಜ್ಞರ ಮುಂದೆ ಹೆಣ್ಣುಮಕ್ಕಳು, ಹದಿಹರೆಯದವರು ಮುಚ್ಚಿದ ಬಾಗಿಲಿನ ಹಿಂದೆ ಕೂತು ಮನಸ್ಸು ಬಿಚ್ಚುತ್ತಾರೆ. ಆ ವಿಶ್ವಾಸವನ್ನು ಒಂದು ಊರಿನಲ್ಲಿ ಕೆಡಿಸಿದ ವ್ಯಕ್ತಿ ಇನ್ನೊಂದು ರಾಜ್ಯದಲ್ಲಿ ಸದ್ದಿಲ್ಲದೆ ಬೋರ್ಡು ಹಾಕಿಕೊಳ್ಳುವಂತಾಗಬಾರದು. ಆದ್ದರಿಂದ ರಾಜ್ಯ ನೋಡಬೇಕಾದದ್ದು ಹಿಂದಿನ ರಾಜ್ಯದಲ್ಲಿ ಇವರ ಮೇಲೆ ದೂರಿತ್ತೇ, ಕ್ರಮವಾಗಿತ್ತೇ ಎಂಬುದನ್ನು. ಪದವಿಯನ್ನು ಆರ್‌ಸಿಐ ಒಮ್ಮೆ ಪರಿಶೀಲಿಸಿಯಾಗಿದೆ. ಅದನ್ನೇ ಮತ್ತೆ ಪರಿಶೀಲಿಸುವ ಹೆಸರಿನಲ್ಲಿ ಅರ್ಜಿ ಮೇಜಿನ ಮೇಲೆ ಕೊಳೆಯುವುದರಿಂದ ಯಾವ ರೋಗಿಗೂ ರಕ್ಷಣೆ ಸಿಗುವುದಿಲ್ಲ.

ದಾರಿಯನ್ನು ಕಾಯ್ದೆಯೇ ತೋರಿಸಿದೆ. ಅದರ 43ನೇ ಕಲಮು, ಎಲ್ಲ ರಾಜ್ಯಗಳು ಕೊಡುವ ಮಾಹಿತಿಯಿಂದ ಒಂದು ರಾಷ್ಟ್ರೀಯ ಪಟ್ಟಿ ಇಟ್ಟು ಪ್ರಕಟಿಸಬೇಕೆಂದು ಕೇಂದ್ರ ಪ್ರಾಧಿಕಾರಕ್ಕೆ ಹೇಳುತ್ತದೆ. ಒಂದು ರಾಜ್ಯದಲ್ಲಿ ನೋಂದಾಯಿತರಾದವರು ಆ ಪಟ್ಟಿಯ ಆಧಾರದ ಮೇಲೆ ಇನ್ನೊಂದು ರಾಜ್ಯಕ್ಕೆ ತಿಳಿಸಿ ಕೂಡಲೇ ಕೆಲಸ ಶುರುಮಾಡಲಿ, ದೂರಿನ ವಿಚಾರಣೆ ಬಾಕಿ ಇದ್ದರೆ ಮಾತ್ರ ತಡೆಯಲಿ ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಲೈಸೆನ್ಸ್. ನಮ್ಮಲ್ಲಿರುವಂಥ ಕೇಂದ್ರ ಪಟ್ಟಿಯ ಅನುಕೂಲ ಅವರಿಗಿಲ್ಲ. ಆದರೂ 2020ರಿಂದ ಸೈಪ್ಯಾಕ್ಟ್ ಎಂಬ ಒಪ್ಪಂದದಡಿ 40ಕ್ಕೂ ಹೆಚ್ಚು ರಾಜ್ಯಗಳು ಸೇರಿಕೊಂಡಿವೆ. ಅದರ ಅನುಮತಿ ಪಡೆದ ಮನಃಶಾಸ್ತ್ರಜ್ಞರು ಬೇರೆ ಸದಸ್ಯ ರಾಜ್ಯದ ರೋಗಿಯೊಂದಿಗೆ ವಿಡಿಯೋ ಮೂಲಕ ಚಿಕಿತ್ಸೆ ಮುಂದುವರಿಸಬಹುದು, ವರ್ಷಕ್ಕೆ 30 ದಿನ ಅಲ್ಲಿಗೇ ಹೋಗಿಯೂ ನೋಡಬಹುದು. ಶಿಸ್ತುಕ್ರಮದ ಮಾಹಿತಿಯನ್ನು ರಾಜ್ಯಗಳು ಹಂಚಿಕೊಳ್ಳುತ್ತವೆ.

ನಮ್ಮಲ್ಲಿ 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ನೋಂದಾಯಿತ ವೈದ್ಯರಿಗೆ ದೇಶದ ಯಾವ ಭಾಗದ ರೋಗಿಯನ್ನಾದರೂ ಫೋನಿನಲ್ಲಿ ನೋಡಲು ಅವಕಾಶ ಕೊಟ್ಟಿತು. ಅದು ವೈದ್ಯರಿಗೆಂದು ಬರೆದದ್ದು. ಮನಃಶಾಸ್ತ್ರಜ್ಞರಿಗೂ ಅಷ್ಟೇ ಸ್ಪಷ್ಟವಾಗಿ ಬರೆದುಕೊಟ್ಟರೆ, ಮದುವೆಯಾಗಿ ಹಿಂದೂಪುರಕ್ಕೆ ಹೋದ ನಮ್ಮ ಹುಡುಗಿ ಬೆಂಗಳೂರಿನಲ್ಲಿ ಶುರುವಾದ ಚಿಕಿತ್ಸೆಯನ್ನು ಅಳುಕಿಲ್ಲದೆ ಮುಗಿಸಬಹುದು.

ನಿಯಮ ಬದಲಾಗುವವರೆಗೆ ಮನೆಯವರು ಮಾಡಬಹುದಾದದ್ದಿದೆ. ಹೊಸ ಮನಃಶಾಸ್ತ್ರಜ್ಞರ ಬಳಿ ಹೋದಾಗ ಆರ್‌ಸಿಐ ಸಂಖ್ಯೆ ಕೇಳಿ, ಅರ್ಹರಾದವರು ಬೇಸರಿಸುವುದಿಲ್ಲ. ಊರು ಬಿಡುವ ಮುನ್ನ ಹಿಂದಿನವರಿಂದ ಚಿಕಿತ್ಸೆಯ ಸಾರಾಂಶ ಬರೆಸಿಕೊಳ್ಳಿ. ತನ್ನ ಚಿಕಿತ್ಸೆಯ ದಾಖಲೆ ಪಡೆಯುವುದು 2017ರ ಕಾಯ್ದೆಯ 25ನೇ ಕಲಮಿನಂತೆ ರೋಗಿಯ ಹಕ್ಕು. ಆ ಪತ್ರವನ್ನು ರೋಗಿಯ ಕೈಗೇ ಕೊಡಿ, ಅತ್ತೆ ಮಾವಂದಿರ ಕೈಗಲ್ಲ. ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯ ಮಂಗಳವಾರದ ಚಿಕಿತ್ಸಾಲಯದ ಬಗ್ಗೆ ವಿಚಾರಿಸಿ. ಹೊಸಬರು ಸಿಗುವವರೆಗಿನ ದಿನಗಳಿಗೆ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು. ಕರೆ ಉಚಿತ, ಕನ್ನಡ, ಉರ್ದು, ತೆಲುಗು ಮೂರರಲ್ಲೂ ಮಾತಾಡಬಹುದು, ಮತ್ತು ನೀವು ಗಡಿಯ ಯಾವ ಕಡೆ ನಿಂತು ಮಾಡಿದರೂ ಅದೇ ಸಂಖ್ಯೆ.